ಬಂಡೆಪಾಳ್ಯದ ಟವರಿನಲ್ಲಿ ಕರೆಂಟು ಹೋಗಿ ಬಂದದ್ದು

ಶಿರಾ ಕಡೆಯ ಹಳ್ಳಿಯಿಂದ ಮಧುಗಿರಿಗೆ ಸೊಸೆಯಾಗಿ ಬಂದ ವನಜಾಕ್ಷಿಗೆ ತನ್ನ ಕೆಲಸ ಏನೆಂದು ಅತ್ತೆಗೆ ತಿಳಿಸುವುದೇ ಕಷ್ಟವಾಗಿತ್ತು. “ಟವರ್ ಕಾಯೋದು” ಎಂದರೆ ಅತ್ತೆ ಬಸವಮ್ಮ, “ಇಲ್ಲೇ ಕೂತ್ಕಂಡು ಹೆಂಗವ್ವ ಕಾಯ್ತೀಯ?” ಎನ್ನುತ್ತಿದ್ದರು.

ಕಾಯುವುದು ನಿಜವೇ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಟವರುಗಳು ಹಸಿರು ಚುಕ್ಕಿಗಳಾಗಿ ಕಾಣುತ್ತಿದ್ದವು. ಕರೆಂಟು ಹೋದರೆ, ಬ್ಯಾಟರಿ ಇಳಿದರೆ, ಯಾರಾದರೂ ಬಾಗಿಲು ತೆರೆದರೆ ಚುಕ್ಕಿ ಕೆಂಪಾಗಿ, ಪಕ್ಕದಲ್ಲಿ ಕಾರಣ ಮೂಡುತ್ತಿತ್ತು. ಒಂದೊಂದು ಟವರಿನ ಮೇಲೂ ಎರಡು ಮೂರು ಫೋನ್ ಕಂಪನಿಗಳ ಉಪಕರಣಗಳಿದ್ದವು. ಟವರ್ ನಿಂತರೆ ಆ ಸುತ್ತಿನ ಫೋನುಗಳೆಲ್ಲ ಒಟ್ಟಿಗೇ ಸುಮ್ಮನಾಗುತ್ತಿದ್ದವು.

ಅಂದು ಸಂಜೆ ಕೊರಟಗೆರೆ ಕಡೆಯ ಟೆಕ್ನಿಷಿಯನ್ ರಂಗೇಶ್, ಗುಡ್ಡದ ಬುಡದ ಬಂಡೆಪಾಳ್ಯಕ್ಕೆ ಬ್ಯಾಟರಿ ನೋಡಲು ಹೋಗಿದ್ದ. “ಬಂದ್ಬುಟ್ಟೆ ಕಣಮ್ಮ, ಬೇಗ ಮುಗಿಸ್ಕಂಡು ಹೊಲ್ಡ್ತೀನಿ” ಎಂದು ಫೋನ್ ಇಟ್ಟ. ಉಪಕರಣಗಳ ಕೋಣೆಯ ಬಾಗಿಲು ತೆರೆದದ್ದು ತೋರಿತು. ಸ್ವಲ್ಪ ಹೊತ್ತಿಗೆ ಮುಚ್ಚಿದ್ದೂ ತೋರಿತು.

ಆಮೇಲೆ ಅಲ್ಲಿ ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಲೈನು ಸಡಿಲವಾಗಿರಬೇಕೆಂದು ವನಜಾಕ್ಷಿ ಎರಡು ಮೂರು ಸಲ ಸುಮ್ಮನಿದ್ದಳು. ಅದು ನಿಲ್ಲಲಿಲ್ಲ. ರಂಗೇಶನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಹತ್ತಾರು ಸಲ ಮಾಡಿದಳು. ಕರೆಂಟು ಹೊಡೆದು ಬಿದ್ದಿದ್ದಾನೆಯೇ? ಕೈ ತಂತಿಗೆ ಅಂಟಿಕೊಂಡಿದೆಯೇ?

ಮೇಲ್ವಿಚಾರಕ ರುದ್ರಮುನಿ ವಳ್ಳೂರಿನ ಸೋಲಾರ್ ಪಾರ್ಕ್ ಕಡೆ ಹೋಗಿದ್ದರು, ಫೋನ್ ಸಿಗಲಿಲ್ಲ. ಕೊನೆಗೆ ಟವರಿಗೆ ಜಾಗ ಕೊಟ್ಟಿದ್ದ ಕೆಂಚಮ್ಮನಿಗೆ ಫೋನ್ ಮಾಡಿದಳು. “ಅಮ್ಮಾ, ಟವರ್ ತಾವ ಹೋಗಿ ರಂಗೇಶಣ್ಣ ಹೆಂಗವ್ನೆ ನೋಡ್ತೀರಾ? ಫೋನ್ ಕಿವೀಲೇ ಇರ್ಲಿ.”

ಕೆಂಚಮ್ಮ ಗೊಣಗುತ್ತಾ ಹೊರಟಳು. ಚಪ್ಪಲಿಯ ಸದ್ದು, ಏದುಸಿರು ಕೇಳುತ್ತಿತ್ತು. ಥಟ್ಟನೆ ಎರಡೂ ನಿಂತವು. ಬಹಳ ಸಣ್ಣ ದನಿ ಬಂತು.

“ಕರಡಿ ಕಣವ್ವ. ಎರಡು ಮರಿ ಅವೆ. ಜನರೇಟರ್ ಮುಂದೆ ಕೂತೈತೆ.”

ಆ ಹೆಂಗಸನ್ನು ಅಲ್ಲಿಗೆ ಕಳಿಸಿದ್ದು ತಾನೇ.

“ನೀವೆಲ್ಲಿದ್ದೀರಮ್ಮ?”

“ಹುಣಸೆ ಮರದ ಹಿಂದೆ. ಕಾಲೇ ಬರ್ತಿಲ್ಲ. ರೂಮ್ ಬಾಗ್ಲು ಹಾಕೈತೆ, ಬೈಕ್ ಗೇಟ್ ಹೊರ್ಗೈತೆ. ಅವ್ನು ಕಾಣ್ತಿಲ್ಲ.”

ಫೋನ್ ಬೈಕಿನ ಬ್ಯಾಗಿನಲ್ಲೇ ಉಳಿದಿರಬೇಕು. ಕೋಣೆಯೊಳಗೆ ಸಿಕ್ಕಿಕೊಂಡ ರಂಗೇಶ್ ಕರೆಂಟಿನ ಸ್ವಿಚ್ಚನ್ನು ಹಾಕಿ ತೆಗೆದು ತನ್ನನ್ನು ಕರೆಯುತ್ತಿದ್ದಾನೆ ಎಂದು ಅವಳಿಗೆ ಆಗ ಹೊಳೆಯಿತು.

ಕೋಣೆಯ ಹೊರಗಿದ್ದ ಜನರೇಟರನ್ನು ಮಧುಗಿರಿಯಿಂದಲೇ ಸ್ಟಾರ್ಟ್ ಮಾಡಬಹುದಿತ್ತು. ಆ ಸದ್ದಿಗೆ ಕರಡಿ ಓಡಬಹುದು. ಆದರೆ ಮನುಷ್ಯ ಅಲ್ಲಿರುವಾಗ ಅದನ್ನು ಮುಟ್ಟಕೂಡದೆಂದು ರುದ್ರಮುನಿ ನೂರು ಸಲ ಹೇಳಿದ್ದರು. ಅದರ ಫ್ಯಾನಿಗೆ ಕೈ ಸಿಕ್ಕರೆ ಬೆರಳು ಉಳಿಯದು. ಸ್ವಿಚ್ಚು ಕೋಣೆಯೊಳಗಿದೆ, ಕರೆಂಟು ಹೋಗಿ ಚುಕ್ಕಿ ಕೆಂಪಾದರೆ ರಂಗೇಶ್ ಒಳಗಿದ್ದಾನೆಂದೇ ಅರ್ಥ. ಅವಳು ಕಾದಳು. ಚುಕ್ಕಿ ಹಸಿರಾಗಿಯೇ ಇತ್ತು. ಕೈಸೋತು ಬಿಟ್ಟನೇ? ಬಾಗಿಲು ತೆರೆದು ಓಡಲು ನೋಡುತ್ತಿದ್ದಾನೆಯೇ?

“ಎದ್ದು ನಿಂತ್ಕಂತು ಕಣವ್ವ,” ಎಂದಳು ಕೆಂಚಮ್ಮ, ಅಳುವ ದನಿಯಲ್ಲಿ. “ಇತ್ಲಾಗೆ ಮೂಸ್ತಾ ಐತೆ.”

ಚುಕ್ಕಿ ಕೆಂಪಾಯಿತು, ಕರೆಂಟು ಹೋಗಿತ್ತು. ವನಜಾಕ್ಷಿ ಬಟನ್ ಒತ್ತಿದಳು.

ಫೋನಿನಲ್ಲಿ ಜನರೇಟರಿನ ಗುಡುಗು, ಅದರ ಮೇಲೆ ಒಂದು ಅರಚಾಟ. ಪ್ರಾಣಿಯದೋ ಹೆಂಗಸಿನದೋ ತಿಳಿಯಲಿಲ್ಲ. ಫೋನ್ ಬಿದ್ದ ಸದ್ದು. ಮತ್ತೆ ಬರೀ ಜನರೇಟರು. “ಅಮ್ಮಾ, ಅಮ್ಮಾ” ಎಂದು ಅವಳು ಕರೆಯುತ್ತಲೇ ಇದ್ದಳು. ಕುರ್ಚಿ ಬಿಟ್ಟು ಎದ್ದದ್ದು, ಮೇಜಿನ ಅಂಚನ್ನು ಹಿಡಿದದ್ದು ಅವಳಿಗೆ ನೆನಪಿಲ್ಲ.

ಕೊನೆಗೆ ಕೆಂಚಮ್ಮನ ದನಿ ಬಂತು. “ಬಂಡೆ ಹತ್ಕಂಡು ಹೋಯ್ತು. ಮರೀನೂ ಹೋದ್ವು. ನನ್ ಮಂಡಿ ತರಚೋಯ್ತು.”

ಕೆಂಚಮ್ಮ ಕುಂಟುತ್ತಾ ಹೋಗಿ ಎಷ್ಟು ಕೂಗಿದರೂ ರಂಗೇಶ್ ಮೊದಲು ಬಾಗಿಲು ತೆರೆಯಲಿಲ್ಲವಂತೆ. ತೆರೆದ ಮೇಲೂ ಹೊಸ್ತಿಲ ಮೇಲೇ ಕುಸಿದು ಕುಳಿತನಂತೆ. ವನಜಾಕ್ಷಿಗೆ ಅವನು ಹೇಳಿದ್ದು ಇಷ್ಟೇ: “ಬಾಯಿ ಒಣಗೈತೆ ಕಣಮ್ಮ. ಆಮೇಲ್ ಮಾತಾಡ್ತೀನಿ.”

ಮರುದಿನ ರುದ್ರಮುನಿ ಬೈಯಲಿಲ್ಲ. “ಸರಿಯಾಗೇ ಮಾಡಿದ್ದೀಯ. ಆದ್ರೆ ರಂಗೇಶ ಸ್ವಿಚ್ ತೆಗೆದ ತಕ್ಷಣ ಹೊರಗೆ ಬಂದ್ಬಿಟ್ಟಿದ್ರೆ?” ಎಂದು ಕೇಳಿದರು. ಆ ಪ್ರಶ್ನೆ ವನಜಾಕ್ಷಿಯನ್ನು ಅನ್ನದ ತಟ್ಟೆಯ ಮುಂದೆಯೂ ಬಿಡಲಿಲ್ಲ. ಗುಡ್ಡದ ಕಡೆಯ ಟವರುಗಳಿಗೆ ಇನ್ನು ಇಬ್ಬರು ಹೋಗಬೇಕು, ಫೋನ್ ಜೇಬಲ್ಲೇ ಇರಬೇಕು ಎಂದು ಆಫೀಸಿನಲ್ಲಿ ತೀರ್ಮಾನವಾಯಿತು.

ಭಾನುವಾರ ಅವಳು ಹಣ್ಣು ಹಿಡಿದು ಬಂಡೆಪಾಳ್ಯಕ್ಕೆ ಹೋದಳು. ಕೆಂಚಮ್ಮ ಮಂಡಿಗೆ ಬಟ್ಟೆ ಸುತ್ತಿಕೊಂಡು ಜಗುಲಿಯ ಮೇಲಿದ್ದಳು. ಹಣ್ಣನ್ನು ಪಕ್ಕಕ್ಕಿಟ್ಟು, “ಇನ್ನೊಂದ್ ಸಲ ಹೋಗು ಅಂದ್ರೆ ನಾನ್ ಹೋಗಾಕಿಲ್ಲ” ಎಂದಳು.

“ಅನ್ನಲ್ಲ ಅಮ್ಮ.”

“ನೆನ್ನೇನೂ ಬಂದಿತ್ತು ಆ ಕರಡಿ.”

ಕೆಂಚಮ್ಮ ಟೀ ಕುಡಿದು ಹೋಗೆಂದಳು. ವನಜಾಕ್ಷಿ ನಿಂತೇ ಕುಡಿದು, ಹೊತ್ತು ಇಳಿಯುವ ಮುಂಚಿನ ಬಸ್ಸಿಗೆ ಹೊರಟಳು.