ಅತ್ತೆ ಒಪ್ಪದ ಕಾದಂಬರಿ

ನಮ್ಮತ್ತೆಯ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಚಿಕ್ಕಂದಿನಲ್ಲಿ ಒರಳುಕಲ್ಲಿಗೆ ಸಿಕ್ಕಿ ಜಜ್ಜಿಹೋದ ಬೆರಳು; ಉಗುರು ಮತ್ತೆ ಸರಿಯಾಗಿ ಹುಟ್ಟಲೇ ಇಲ್ಲ. ಆ ಬೆರಳನ್ನು ಸಾಲಿನ ಕೆಳಗೆ ಇಟ್ಟು, ಒಂದೊಂದೇ ಅಕ್ಷರ ದಾಟಿಸುತ್ತ, ತುಟಿ ಅಲ್ಲಾಡಿಸುತ್ತ ಅವರು ಕಾದಂಬರಿ ಓದುತ್ತಿದ್ದರು. ಅರಿಶಿನ, ಹುಣಿಸೆಹಣ್ಣು, ಸೀಗೆಪುಡಿ, ಆ ದಿನ ಕೈಗೆ ಏನು ಮೆತ್ತಿತ್ತೋ ಅದರ ಗುರುತು ಪುಟದ ಮೇಲೆ ಉಳಿಯುತ್ತಿತ್ತು.

ಅವರು ಶಾಲೆಗೆ ಹೋದವರಲ್ಲ. ದಾಸರಹಳ್ಳಿಯಿಂದ ಆಚೆಯ ಒಂದು ಹಳ್ಳಿಯವರು. ಮಗ ಸ್ಲೇಟು ಹಿಡಿದು ಕಾಗುಣಿತ ತಿದ್ದುವಾಗ ಪಕ್ಕದಲ್ಲಿ ಸೊಪ್ಪು ಸೋಸುತ್ತ ಕೂತು ಕಲಿತದ್ದು. ಆ ಮಗನನ್ನೇ ನಾನು ಮದುವೆಯಾಗಿ ಯಲಹಂಕದಿಂದ ಯಶವಂತಪುರಕ್ಕೆ ಬಂದೆ. ನಮ್ಮ ಮನೆ ರೈಲ್ವೆ ಸ್ಟೇಷನ್ನಿನ ಹಿಂದೆ ಇತ್ತು. ಇಂಜಿನ್ನಿನ ಮಸಿ ಒಣಹಾಕಿದ ಬಟ್ಟೆಯ ಮೇಲೂ ಹಪ್ಪಳದ ಮೇಲೂ ಬೀಳುತ್ತಿತ್ತು. ಒಗೆದದ್ದನ್ನೇ ಮತ್ತೆ ಒಗೆಯುವುದು, ಒರೆಸಿದ್ದನ್ನೇ ಮತ್ತೆ ಒರೆಸುವುದು, ಹೀಗೇ ದಿನ ಕಳೆಯುತ್ತಿತ್ತು. ಬೀದಿ ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ. ಮಧ್ಯಾಹ್ನ ಊಟದ ಪಾತ್ರೆ ಬೆಳಗಿ ಒಳಗಿಟ್ಟ ಮೇಲೆ, ಸಂಜೆ ಒಲೆ ಹಚ್ಚುವವರೆಗೆ ಒಂದಿಷ್ಟು ಬಿಡುವು. ಆಗ ಅತ್ತೆ ಜಗಲಿಯ ಕಂಬಕ್ಕೆ ಒರಗಿ, ಊದಿಕೊಂಡ ಕಾಲುಗಳನ್ನು ಚಾಚಿ, "ಎಲ್ಲವ್ವಾ ಪುಸ್ತಕ?" ಎನ್ನುತ್ತಿದ್ದರು.

ಪುಸ್ತಕ ಬರುತ್ತಿದ್ದದ್ದು ಸ್ಟೇಷನ್ ಮಾಸ್ತರರ ಹೆಂಡತಿಯಿಂದ. ಆಕೆಗೆ ಮಲ್ಲೇಶ್ವರದ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಕಾರ್ಡು ಇತ್ತು. ಆಕೆ ಓದಿ ನನಗೆ ಕೊಡುವುದು, ನಾನು ಓದಿ ಅತ್ತೆಗೆ. ಮೂವರದೂ ಮುಗಿದ ಮೇಲೆ ನಮ್ಮ ಜಗಲಿಯ ಮೇಲೆ ಮಾತು. ಬೀದಿಯ ಉಳಿದ ಹೆಂಗಸರೂ ಬಂದು ಕೂರುತ್ತಿದ್ದರು. ಪುಸ್ತಕ ಇನ್ನೂ ಕೈಗೆ ಸಿಗದವರ ಎದುರಿಗೇ ಅತ್ತೆ ಕೊನೆಯಲ್ಲಿ ಯಾರು ಸಾಯುತ್ತಾರೆ ಎಂದು ಹೇಳಿಬಿಡುತ್ತಿದ್ದರು. "ಅಯ್ಯೋ, ನೀವು ಎಲ್ಲಾ ಕೆಡಿಸಿಬಿಟ್ರಿ ಕಣ್ರೀ!" ಎಂದು ಯಾರಾದರೂ ಸಿಡುಕಿದರೆ, "ಗೊತ್ತಿದ್ರೆ ನಿದ್ದೆಗೆಟ್ಟು ಓದೋದು ತಪ್ಪುತ್ತೆ ಕಣವ್ವ" ಎಂಬ ಉತ್ತರ.

ಅತ್ತೆಗೆ ಪುಸ್ತಕ ಹಿಡಿಸುವುದು ಕಷ್ಟವಿತ್ತು. ಎಲ್ಲರೂ ಹೊಗಳಿ ಹೊಗಳಿ ದಣಿದ ಒಂದು ಕಾದಂಬರಿಯನ್ನು ಅರ್ಧಕ್ಕೇ ಮಡಿಸಿಟ್ಟು, "ಇಷ್ಟು ದಪ್ಪ ಪುಸ್ತಕದಾಗೆ ಒಬ್ಬಳೂ ಒಂದು ಪಾತ್ರೆ ತೊಳೀನಿಲ್ಲ" ಎಂದರು. ಸಮುದ್ರದ ವಿಷಯ ಬಂದರೆ ಪುಟ ಹಾರಿಸುತ್ತಿದ್ದರು. ಪತ್ತೇದಾರಿ ಕಥೆ ಹಿಡಿದರೆ ಎರಡನೇ ಪುಟಕ್ಕೇ ತೂಕಡಿಕೆ. ಬರೆದವರು ಪಾತ್ರಗಳನ್ನೆಲ್ಲ ಖುದ್ದಾಗಿ ಬಲ್ಲರೆಂದೇ ಅವರ ನಂಬಿಕೆ. ಅದು ಹಾಗಲ್ಲವೆಂದು ನಾನು ಎಷ್ಟು ತಿಳಿಹೇಳಿದರೂ ಕೇಳಲಿಲ್ಲ. "ಕಾಣದೆ ಎಂಗ್ ಬರೀತಾರೆ?" ಎನ್ನುತ್ತಿದ್ದರು.

ಮನೆಯ ವಿಷಯ ಮಾತ್ರ ನಾವಿಬ್ಬರೂ ಆಡುತ್ತಿರಲಿಲ್ಲ. ಮದುವೆಯಾಗಿ ವರ್ಷಗಳಾಗಿದ್ದವು. ಎರಡು ಸಲ ಬಸಿರು ನಿಂತದ್ದು ಮೂರು ತಿಂಗಳು ತುಂಬುವ ಮುಂಚೆಯೇ ಹೋಯಿತು. ಆಮೇಲೆ ಅದೂ ಇಲ್ಲ. ಮಲ್ಲೇಶ್ವರದ ಲೇಡಿ ಡಾಕ್ಟರು, ನಾಗರಕಲ್ಲು, ಮಂಗಳವಾರದ ಉಪವಾಸ, ಯಾರೋ ಹೇಳಿದ ಕಷಾಯ. ನನ್ನ ಮೈ ನನ್ನದಲ್ಲವೆನ್ನುವಷ್ಟು ದಣಿದಿದ್ದೆ. ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಒಳ್ಳೆಯವರು, ಆದರೆ ಬಾಯಿಲ್ಲದವರು. ಯಾರು ಏನು ಹೇಳಿದರೂ "ನೋಡೋಣ" ಎನ್ನುವುದೊಂದೇ ಅವರ ಮಾತು. ಅತ್ತೆ ಆಡಿಕೊಳ್ಳಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ಕಾದಂಬರಿ ಬಂತು. ಸ್ಟೇಷನ್ ಮಾಸ್ತರರ ಹೆಂಡತಿ ಅದನ್ನು ಕೊಡುವಾಗಲೇ ಕಣ್ಣು ಕೆಂಪಾಗಿತ್ತು. "ಎಂಥಾ ಹೆಂಗಸು ಕಣ್ರೀ ಅವಳು! ಓದಿ ನೋಡಿ" ಎಂದರು. ಕಥೆ ಇಷ್ಟೇ: ಮಕ್ಕಳಿಲ್ಲದ ಹೆಂಡತಿಯೊಬ್ಬಳು ತಾನೇ ಹೆಣ್ಣು ಹುಡುಕಿ ಗಂಡನಿಗೆ ಇನ್ನೊಂದು ಮದುವೆ ಮಾಡಿಸುತ್ತಾಳೆ. ಹೊಸ ಹೆಣ್ಣು ಹೊಸ್ತಿಲಿಗೆ ಬಂದಾಗ ಇವಳೇ ಆರತಿ ತಟ್ಟೆ ಹಿಡಿದು, ನಗುನಗುತ್ತ ಅವಳನ್ನು ಒಳಗೆ ಕರೆದುಕೊಳ್ಳುತ್ತಾಳೆ.

ನಾನೂ ಓದಿ ಕಣ್ಣೀರಿಟ್ಟೆ. ಅದು ನನಗೇ ಬರೆದಿಟ್ಟ ಬುದ್ಧಿವಾದದಂತೆ ಕಂಡಿತು. ಏಕೆಂದರೆ ಅದೇ ವಾರ ಹೆಸರಘಟ್ಟದಿಂದ ದೊಡ್ಡಮ್ಮ ಬಂದಿದ್ದರು. ತೀರಿಕೊಂಡಿದ್ದ ನನ್ನ ಮಾವನವರ ಹಿರಿಯ ಸೋದರಿ. ಎಲ್ಲರೂ ಆಕೆಯನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದದ್ದು. ಆ ಮನೆತನದಲ್ಲಿ ಅವರ ಮಾತಿಗೆ ಎದುರಾಡಿದವರಿರಲಿಲ್ಲ. ತಮ್ಮ ಗಂಡನ ಕಡೆಯ ಒಂದು ಹುಡುಗಿಯಿದ್ದಾಳೆ, ಬಡವರು, ಎರಡನೇ ಸಂಬಂಧಕ್ಕೆ ಒಪ್ಪಿದ್ದಾರೆ ಎಂದು ನನ್ನ ಗಂಡನಿಗೆ ನನ್ನೆದುರಿಗೇ ಹೇಳಿದರು. ಅವರು ನೆಲ ನೋಡುತ್ತ "ನೋಡೋಣ" ಎಂದರು. ನಾನು ಒಪ್ಪಿಕೊಂಡುಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಜಗಳವಾಡುವ ಶಕ್ತಿ ನನ್ನಲ್ಲಿರಲಿಲ್ಲ. ಕಾದಂಬರಿಯ ಹೆಂಗಸಿನ ಹಾಗೆ ನಕ್ಕುಬಿಟ್ಟರೆ ಎಲ್ಲ ಮುಗಿಯುತ್ತದಲ್ಲ, ಅಷ್ಟೇ ಸಾಕಾಗಿತ್ತು.

ಪುಸ್ತಕ ಅತ್ತೆಯ ಕೈಗೆ ಹೋಯಿತು. ಸಾಮಾನ್ಯವಾಗಿ ಓದುತ್ತಲೇ ಏನಾದರೊಂದು ಗೊಣಗುವವರು ಈ ಸಲ ಸದ್ದೇ ಮಾಡಲಿಲ್ಲ. ಬೆರಳು ಒಂದೊಂದು ಸಾಲಿನಲ್ಲೂ ಬಹಳ ಹೊತ್ತು ನಿಲ್ಲುತ್ತಿತ್ತು.

ಮುಗಿಸಿದ ಮಧ್ಯಾಹ್ನ ಎಲ್ಲರೂ ಜಗಲಿಯ ಮೇಲೆ ಸೇರಿದರು. ದೊಡ್ಡಮ್ಮನೂ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಸ್ಟೇಷನ್ ಮಾಸ್ತರರ ಹೆಂಡತಿ ಕಥೆಯನ್ನು ಇನ್ನೊಮ್ಮೆ ಹೇಳಿ ಕಣ್ಣೊರೆಸಿಕೊಂಡರು.

"ನೋಡ್ದಾ? ಅಂಗಿರ್ಬೇಕು ಎಣ್ಣು ಅಂದ್ರೆ" ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿದರು.

"ಈಗ ಹಂಗೆಲ್ಲ ಮಾಡೋ ಹಾಗಿಲ್ಲ ಕಣ್ರೀ, ಕಾನೂನು ಬಂದಿದೆ" ಎಂದರು ಸ್ಟೇಷನ್ ಮಾಸ್ತರರ ಹೆಂಡತಿ ಸ್ವಲ್ಪ ಅಳುಕಿನಿಂದ.

"ಗುಡೀಲಿ ತಾಳಿ ಕಟ್ಟಿದ್ರೆ ಯಾವ ಕಾನೂನು ಬಂದು ಕೇಳ್ತದೆ?" ಎಂದ ದೊಡ್ಡಮ್ಮ, ಅತ್ತೆಯನ್ನು ನೋಡಿ, "ನೀನೇಳು. ಎಂಗೈತೆ ಪುಸ್ತಕ?" ಎಂದರು.

ಅತ್ತೆ ಪುಸ್ತಕವನ್ನು ತೊಡೆಯ ಮೇಲಿಂದ ಎತ್ತಿ ಜಗಲಿಯ ಮೇಲಿಟ್ಟರು.

"ಸುಳ್ಳು ಬರ್ದವ್ನೆ."

"ಏನ್ ಸುಳ್ಳು?"

"ಅವಳು ನಗ್ನಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. "ನಗ್ತಾಳಲ್ಲ ಅತ್ತೆ, ಕೊನೇಲಿ ಹೊಸ್ತಿಲ ಹತ್ರ ಬರುತ್ತಲ್ಲ" ಎಂದು ನಾನು ನೆನಪಿಸಿದೆ.

"ಪುಸ್ತಕದೋಳ ಮಾತಲ್ಲ ಕಣವ್ವ. ಅಕ್ಕ. ನಿಮ್ಮಾವನ ಮೊದಲ್ನೇ ಎಂಡ್ರು. ನಾ ವಸ್ತಿಲು ತುಳಿಯುವಾಗ ಅವಳೇ ಆರತಿ ಇಡ್ಕಂಡಿದ್ದು. ತಟ್ಟೆ ವಾಲಿ ಕುಂಕುಮದ ನೀರು ನನ್ನ ಕಾಲ್ ಮೇಲೆ ಚೆಲ್ತು. ನಾ ಎದ್ರುಕೊಂಡು ಅವಳ ಮುಖ ನೋಡಿದ್ನಲ್ಲ. ನಗ್ನಿಲ್ಲ."

ಮಾವನವರಿಗೆ ಮೊದಲೊಂದು ಸಂಬಂಧವಿತ್ತೆಂದು ನನಗೆ ಗೊತ್ತಿತ್ತು. ಆಕೆ ತೀರಿಕೊಂಡ ಮೇಲೆ ಅತ್ತೆಯನ್ನು ತಂದರೆಂದೇ ತಿಳಿದಿದ್ದೆ. ನನ್ನ ಗಂಡನೂ ಹಾಗೆಯೇ ಹೇಳಿದ್ದರು.

"ಈಗ್ಯಾಕೆ ಆ ಮಾತು?" ಎಂದು ದೊಡ್ಡಮ್ಮ ಗದರಿದರು. "ಅವಳಾಗೇ ಒಪ್ಪಿದ್ಲು. ನಾನೇ ಕೇಳಿದ್ದೆ."

"ನೀವು ಕೇಳಿದ್ರಿ ಅತ್ತಿಗೆ. ನೀವು ಕೇಳಿದ್ರೆ ಯಾರು ಒಲ್ಲೆ ಅಂತಾರೆ? ನನ್ನನ್ನೂ ಕೇಳಿದ್ರಿ. ನಾನೂ ಊಂ ಅಂದೆ." ಅತ್ತೆಯ ದನಿ ಏರಲಿಲ್ಲ. ದಿನವೂ ಮಾತಾಡುವ ಹಾಗೇ ಸೋತ ದನಿಯಲ್ಲಿ ಹೇಳುತ್ತ ಹೋದರು. "ಒಂದಿನಾನೂ ನನ್ನ ಬೈನಿಲ್ಲ ಅವಳು. ಬೈದಿದ್ರೆ ನಾನೂ ಬೈದು, ಇಬ್ರೂ ಬದುಕ್ಕೊತಿದ್ವಿ. ಅಡಿಗೆ ಮಾಡಿ ಎಲ್ರಿಗೂ ಇಕ್ಕೋಳು. ನಾ ಬಾಣಂತಿ ಆದಾಗ ನಂಗೆ ನೀರು ಉಯ್ದೋಳೂ ಅವಳೇ. ಮಗೀನ ಎತ್ಕೊಂಡು ಇತ್ಲಾಗೆ ಓಗಿ ನಿಂತ್ಕಳೋಳು. ಬಾ ಅಂದ್ರೆ ತಿರುಗಿ ನೋಡೋಳಲ್ಲ. ಇಂಗೇ ಸವೆದು ಸತ್ಲು."

ಸ್ಟೇಷನ್ನಿನಲ್ಲಿ ಇಂಜಿನ್ನು ನೀರು ತುಂಬಿಸಿಕೊಳ್ಳುವ ಸದ್ದು ಕೇಳುತ್ತಿತ್ತು. ಎಲ್ಲರೂ ಸೆರಗು ಸರಿಮಾಡಿಕೊಳ್ಳುತ್ತ ಕೂತರು. ಅತ್ತೆ ನನ್ನ ಕಡೆ ನೋಡದೆ, ದೊಡ್ಡಮ್ಮನನ್ನೇ ನೋಡುತ್ತ ಹೇಳಿದರು:

"ನನ್ನ ಮನೇಲಿ ಇನ್ನೊಂದ್ ಸತಿ ಬ್ಯಾಡ ಅತ್ತಿಗೆ. ಆ ಉಡುಗಿಗೂ ಬ್ಯಾಡ, ಇವಳಿಗೂ ಬ್ಯಾಡ."

ದೊಡ್ಡಮ್ಮ ಎದ್ದು ಒಳಗೆ ಹೋದರು.

ಸಂಜೆ ಮಗ ಡಿಪೋದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಅತ್ತೆ ಚೊಂಬು ಹಿಡಿದು ನಿಂತೇ ಅಕ್ಕನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದರು. ಆಮೇಲೆ ಅಂದರು: "ಮಕ್ಕಳಾದ್ರೆ ಆಗ್ಲಿ, ಇಲ್ದಿದ್ರೆ ಇಲ್ಲ. ಇವಳ ಮೇಲೆ ಇನ್ನೊಬ್ಬಳನ್ನ ತಂದ್ರೆ ನಾ ಈ ಮನೇಲಿ ಇರಾಕಿಲ್ಲ."

ನನ್ನ ಗಂಡ ಈ ಸಲ "ನೋಡೋಣ" ಎನ್ನಲಿಲ್ಲ. "ಆಯ್ತಮ್ಮ" ಎಂದರು. ಕಾಲು ತೊಳೆದುಕೊಂಡು ಆದಮೇಲೂ ಬಚ್ಚಲ ಕಲ್ಲಿನ ಮೇಲೆ ಬಹಳ ಹೊತ್ತು ನಿಂತೇ ಇದ್ದರು. ಚಿಕ್ಕಂದಿನಲ್ಲಿ ತಮ್ಮನ್ನು ಎತ್ತಿಕೊಂಡು ಮುಖ ತಿರುಗಿಸಿ ನಿಲ್ಲುತ್ತಿದ್ದವರು ಯಾರೆಂದು ಅವರಿಗೆ ಆ ದಿನ ಗೊತ್ತಾಯಿತು.

ದೊಡ್ಡಮ್ಮ ಮಾರನೆಯ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದರು. ಆಮೇಲೆ ಅವರ ಕಡೆಯ ಯಾವ ಮದುವೆಗೂ, ನಾಮಕರಣಕ್ಕೂ ನಮಗೆ ಕರೆ ಬರಲಿಲ್ಲ. ಊರಲ್ಲಿ ಅತ್ತೆಗೆ ಇದ್ದದ್ದು ಅದೊಂದೇ ಬಳಗ. ಜಾತ್ರೆಗೆ, ಹಬ್ಬಕ್ಕೆ ಹೋಗಿಬರುತ್ತಿದ್ದ ಮನೆಗಳೆಲ್ಲ ಮುಚ್ಚಿಕೊಂಡವು. ಅವರು ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಆದರೆ ಹಬ್ಬದ ದಿನಗಳಲ್ಲಿ ಬಸ್ಸಿನ ಸದ್ದಾದರೆ ಕತ್ತು ಎತ್ತಿ ರಸ್ತೆ ನೋಡುತ್ತಿದ್ದರು.

ನನಗೆ ಮಕ್ಕಳಾಗಲಿಲ್ಲ. ಆ ಮಧ್ಯಾಹ್ನದಿಂದ ನನ್ನ ಬದುಕು ಹೂವಿನ ಹಾಸಿಗೆಯೇನೂ ಆಗಲಿಲ್ಲ. ಅದೇ ನಲ್ಲಿ, ಅದೇ ಮಸಿ, ಅದೇ ಒಲೆ. ಕಷಾಯಗಳು ಮಾತ್ರ ನಿಂತವು. ಕೊನೆಯ ಪೊಟ್ಟಣವನ್ನು ಅತ್ತೆಯೇ ತಿಪ್ಪೆಗೆ ಎಸೆದು ಬಂದರು. ಮಧ್ಯಾಹ್ನಗಳಲ್ಲಿ ಮತ್ತೆ ಪುಸ್ತಕ ಓದಿದೆವು, ಮತ್ತೆ ಜಗಲಿಯ ಮೇಲೆ ಮಾತಾಡಿದೆವು. ಅಕ್ಕನ ಸುದ್ದಿ ಇನ್ನೊಮ್ಮೆ ಬರಲಿಲ್ಲ. ನಾನೂ ಕೇಳಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆಯ ಕಣ್ಣು ಮಂಜಾಯಿತು. ಆಮೇಲೆ ನಾನೇ ಓದಿ ಹೇಳುತ್ತಿದ್ದೆ. ಕಾಲಿನ ಊತ ಹೊಟ್ಟೆಗೆ ಏರಿತು. ಡಾಕ್ಟರು ಉಪ್ಪು ಬಿಡಿಸಿದರು. ಒಂದು ದಿನ ಓದುತ್ತಿದ್ದಾಗ ನಡುವೆ ಕೈ ಅಡ್ಡ ಹಿಡಿದರು.

"ಸಾಕು ನಿಲ್ಸು. ಒಂದ್ ಮಾತು. ಪಿತೃಪಕ್ಷದಾಗೆ ನೀನೇ ಅಲ್ವಾ ಎಡೆ ಇಡೋಳು?"

"ಹೌದು ಅತ್ತೆ." ನಮ್ಮ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆಲ್ಲ ಸೇರಿಸಿ ಒಂದೇ ಎಲೆಯಲ್ಲಿ ಎಡೆ ಇಡುವುದು ಪದ್ಧತಿ.

"ನಾ ಸತ್ತ ಮೇಲೆ ಅಕ್ಕಂಗೆ ಬೇರೆ ಎಲೆ ಹಾಕು. ಮೊದ್ಲು ಅವಳಿಗೆ ಇಕ್ಕು, ಆಮೇಲೆ ಉಳಿದೋರಿಗೆ. ಬಿಸಿ ಇರುವಾಗ್ಲೇ ಇಕ್ಕು. ಈ ಮನೇಲಿ ಒಂದಿನಾನೂ ಬಿಸಿ ಅನ್ನ ಉಣ್ನಿಲ್ಲ ಅವಳು."

ಆಮೇಲೆ ಆಕೆಯ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿದರು. ಆ ಹೆಸರು ಮನೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಅತ್ತೆ ಹೋದರು.

ಈಗ ನನಗೂ ಕೈಲಾಗುವುದಿಲ್ಲ. ಪಿತೃಪಕ್ಷದ ಅಡಿಗೆ ಮುಗಿಸುವ ಹೊತ್ತಿಗೆ ಸೊಂಟ ಸೆಟೆದಿರುತ್ತದೆ. ಆದರೂ ಅನ್ನ ಬಸಿದ ಕೂಡಲೇ ಮೊದಲ ಎಲೆ ಹಾಕಿ, ಆಕೆಯ ಹೆಸರು ಹೇಳಿ, ಹಬೆಯಾಡುವ ಅನ್ನ ಬಡಿಸುತ್ತೇನೆ. ಪಕ್ಕದಲ್ಲಿ ಅತ್ತೆಗೆ ಒಂದು ಎಲೆ, ಉಳಿದ ಹಿರಿಯರದು ಅದರಾಚೆ. ಆಮೇಲೆ ಪದ್ಧತಿಯಂತೆ ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂರುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಬೇಕು. ನಾನು ಅವಸರ ಮಾಡುವುದಿಲ್ಲ. ಅವರಿಬ್ಬರೂ ನಿಧಾನವಾಗಿ ಉಣ್ಣಲಿ.