ಗಂಜಿ ಹಾಕಿದ ಹಾಯಿ

ಇದನ್ನು ಬರೆಯಲೆಂದು ಕೂತು, ಬರೆಯದೆ ಎದ್ದುಹೋದದ್ದು ಎಷ್ಟು ಸಲವೋ ನನಗೇ ನೆನಪಿಲ್ಲ. ಕೂತಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ನಮ್ಮ ಇತಿಹಾಸದ ಮಾಸ್ತರರ ಎಡಗೈ ಕಿರುಬೆರಳಿನ ಉಗುರು. ಹಳದಿ ತಿರುಗಿದ, ಉದ್ದಕ್ಕೆ ಬೆಳೆದು ತುದಿ ಬಾಗಿದ ಉಗುರು. ಅಂಚೆಚೀಟಿಗಳನ್ನು ಬೆರಳು ಸೋಕಿಸದೆ ಎತ್ತಲು ಅದನ್ನು ಬೆಳೆಸಿದ್ದೇನೆ ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಅದೇ ಉಗುರಿನಿಂದ ಅವರು ಕಿವಿ ಕೆರೆದುಕೊಳ್ಳುವುದನ್ನೂ ನಾವೆಲ್ಲ ನೋಡಿದ್ದೆವು.

ಆಗಿನ್ನೂ ಜಮಖಂಡಿ ಸಂಸ್ಥಾನವಾಗಿತ್ತು. ನಾನು ಬನಹಟ್ಟಿಯ ನೇಕಾರರ ಹುಡುಗ. ಊರಲ್ಲಿ ಓದು ಮುಗಿಸಿ ಜಮಖಂಡಿಯಲ್ಲಿ ಹೈಸ್ಕೂಲಿಗೆ ಸೇರಿ ಅಲ್ಲೇ ಉಳಿದಿದ್ದೆ; ರಜೆಗೆ ಊರಿಗೆ ಬರುತ್ತಿದ್ದೆ. ಮಾಸ್ತರರನ್ನು ಕಂಡರೆ ನನಗೆ ಮೊದಲ ದಿನದಿಂದಲೂ ತಾತ್ಸಾರ. ಮುಚ್ಚಿಡುವುದೇಕೆ, ಈ ವಯಸ್ಸಿನಲ್ಲೂ ಅದು ಪೂರ್ತಿ ಹೋಗಿಲ್ಲ. ಅವರು ಬಡಾಯಿಯ ಮನುಷ್ಯ. ದರಬಾರಿಗೆ ಹೋಗುವವರಂತೆ ಪಾಠಕ್ಕೆ ಬರುತ್ತಿದ್ದರು. ಅಶೋಕನಿಂದ ಶುರು ಮಾಡಿ ಅಂಚೆಚೀಟಿಯಲ್ಲಿ ಮುಗಿಸುತ್ತಿದ್ದರು. ಮಿರಜದ ಆಚೆ ಅವರು ಕಾಲಿಟ್ಟವರಲ್ಲ. ಆದರೂ ಸಮುದ್ರದ ಮಾತು ಬಂತೆಂದರೆ ಹುಟ್ಟಾ ನಾವಿಕರಂತೆ ಕಾಲಗಲಿಸಿ ನಿಲ್ಲುತ್ತಿದ್ದರು.

“ಸಮುದ್ರ ಅಂದ್ರ ಏನಂತ ತಿಳದೀರಿ? ಮಹಾಪೂರ ಬಂದ ಕೃಷ್ಣಾ ಹೊಳಿ ಹಂಗ ನಿಂತುಬಿಡ್ತು ಅನ್ಕೋರಿ. ಆ ಕಡಿ ದಂಡಿನ ಇಲ್ಲ!”

ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲದಲ್ಲಿ ಮುಂಬೈಯ ಪರಿಚಯದವರೊಬ್ಬರು ಅವರಿಗೆ ಅಮೆರಿಕದ ಹೊಸ ಅಂಚೆಚೀಟಿಯೊಂದನ್ನು ಕಳಿಸಿದರು. ಹಸಿರು ಬಣ್ಣದ್ದು. ಅದರ ಮೇಲೆ ಮೂರು ಕಂಬದ, ಹಾಯಿ ಬಿಚ್ಚಿದ ಯುದ್ಧನೌಕೆ. ಹೆಸರು ಕಾನ್‌ಸ್ಟಿಟ್ಯೂಶನ್. ಅಂದಿನಿಂದ ನಮ್ಮ ತರಗತಿಯಲ್ಲಿ ಮೊಗಲರೂ ಸತ್ತರು, ಮರಾಠರೂ ಸತ್ತರು; ಉಳಿದದ್ದು ಆ ಹಡಗೊಂದೇ. ನೂರೈವತ್ತು ವರ್ಷದ ಹಿಂದೆ ಅದನ್ನು ಓಕ್ ಮರದಿಂದ ಕಟ್ಟಿದ್ದು, ಇಂಗ್ಲಿಷರ ಜೊತೆ ಕಾಳಗವಾದಾಗ ತೋಪಿನ ಗುಂಡುಗಳು ಅದರ ಮೈಗೆ ಬಡಿದು ಪುಟಿದು ನೀರಿಗೆ ಬಿದ್ದದ್ದು, ಅದನ್ನು ಕಂಡ ನಾವಿಕರು ಇದರ ಮೈ ಕಬ್ಬಿಣದ್ದು ಎಂದು ಕೂಗಿದ್ದು, ಮುಪ್ಪಾಗಿ ಕೊಳೆಯತೊಡಗಿದಾಗ ಆ ದೇಶದ ಸಾಲಿಯ ಮಕ್ಕಳು ಕಾಸು ಕೂಡಿಸಿ ಕೊಟ್ಟು ಅದನ್ನು ಉಳಿಸಿಕೊಂಡದ್ದು. ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು.

ಒಂದು ದಿನ ನಾನು ಎದ್ದು ನಿಂತು ಕೇಳಿದೆ: “ಸರ್, ಕಟಗಿ ಹಡಗಕ್ಕ ಬಡದ ಗುಂಡು ಹೆಂಗ ಪುಟಿದೀತ್ರಿ?”

ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದೆ. ಅವರು ಉಗುರನ್ನು ನನ್ನ ಕಡೆ ತಿರುಗಿಸಿ ಅಂದರು: “ಲಾಳಿ ಎಳಿಯೋ ಮಂದಿಗೆ ಯುದ್ಧದ ಮಾತ್ಯಾಕಲೇ? ಮನಿಗೆ ಹೋಗಿ ನಿಮ್ಮಪ್ಪನ್ನ ಕೇಳು, ಸೀರಿ ಸೆರಗಿನ್ಯಾಗ ಎಷ್ಟು ತೋಪು ಹಿಡಸ್ತಾವಂತ!”

ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಕೂತೆ. ಇವರನ್ನೂ ಹೀಗೇ ಮಂದಿಯ ನಡುವೆ ನಗೆಗೀಡು ಮಾಡಬೇಕು ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಅವಕಾಶವನ್ನು ಅವರೇ ತಂದು ಕೈಯಲ್ಲಿಟ್ಟರು. ಸಂಕ್ರಾಂತಿಯ ದಿನ ಚಿಕ್ಕಪಡಸಲಗಿಯ ಹತ್ತಿರ ಹೊಳೆಗೆ ಊರೆಲ್ಲ ಮೀಯಲು ಬರುತ್ತದೆ. ಅಲ್ಲಿ ಆ ಯುದ್ಧನೌಕೆಯ ಪ್ರತಿಯೊಂದನ್ನು ನೀರಿಗೆ ಬಿಡುತ್ತೇನೆ ಎಂದು ಸಾರಿದರು. ತೊಟ್ಟಿಲು ಮಾಡುವ ಬಡಿಗನನ್ನು ಹಿಡಿದು, ಅಂಚೆಚೀಟಿ ತೋರಿಸಿ ತೋರಿಸಿ, ಆಳುದ್ದದ ಹಡಗು ಕಡೆಸಿದರು. ಅದು ಕಂಬ ನೆಟ್ಟ ತೊಟ್ಟಿಲಿನ ಹಾಗೇ ಇತ್ತು. ಹಾಯಿಯ ಬಟ್ಟೆ ತರುವ ಕೆಲಸ ನನಗೆ ಬಂತು.

“ನಿಮ್ಮ ಮಗ್ಗದ್ದ ತಾ. ನಿಮ್ಮ ಮನಿ ಬಟ್ಟಿನೂ ಒಮ್ಮೆ ಇತಿಹಾಸ ನೋಡ್ಲಿ.”

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ನೂಲು ಹರಿಯದಿರಲೆಂದು ನೇಯುವ ಮೊದಲು ಅದಕ್ಕೆ ತೆಳುವಾಗಿ ಗಂಜಿ ಹಾಕುತ್ತಾರೆ. ಅಷ್ಟು ಎಲ್ಲರೂ ಮಾಡುವುದೇ. ಆದರೆ ನೇಯ್ದ ಬಟ್ಟೆಗೆ ಮತ್ತೆ ದಪ್ಪ ಗಂಜಿ ಮೆತ್ತಿದರೆ ಜಾಳು ಬಟ್ಟೆಯೂ ಗಟ್ಟಿಯಾಗಿ ಕಾಣುತ್ತದೆ. ಒಮ್ಮೆ ನೀರು ಕಂಡಿತೋ, ಮೋಸ ಬಯಲು. ಗಂಜಿ ಬಟ್ಟೆಯವರು ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಬೈಗುಳ ನೇಕಾರರಿಗಿಲ್ಲ. ನಮ್ಮ ಮನೆಯಲ್ಲಿ ಅಪ್ಪ ನೇಯುತ್ತಿದ್ದ. ಗಂಜಿ ಅವ್ವನ ಪಾಲಿನ ಕೆಲಸ. ಅವಳ ಕೈಯ ಹದಕ್ಕೆ ಓಣಿಯಲ್ಲೆಲ್ಲ ಹೆಸರಿತ್ತು.

ಹೊಳೆಗೆ ಬಿಡುವ ಹಡಗಿನ ಬಟ್ಟೆ ಎಂದು ಕೇಳಿದ ಕೂಡಲೇ ಅವ್ವ ಅಂದಳು: “ಹಂಗಾರ ಇದ್ದ ಗಂಜಿನೂ ತೊಳದ ಕೊಡ್ತೇನು ತಮ್ಮಾ. ತೊಯ್ದರ ಹಸಿ ಹಸಿ ಅಂಟಿಕೊಂತೈತಿ.”

“ಬ್ಯಾಡಬೇ. ಮಾಸ್ತರ ದಪ್ಪಗ ಗಂಜಿ ಹಾಕಿ ತಾ ಅಂದಾರ. ಹಲಗಿ ಹಂಗ ನಿಂದರಬೇಕಂತ.”

ಮಾಸ್ತರರು ಅಂಥ ಮಾತು ಆಡಿಯೇ ಇರಲಿಲ್ಲ.

“ಕಲತಾವ್ರು, ಅವರಿಗೆ ತಿಳದಿರತೈತಿ ಬಿಡು,” ಎಂದು ಅವ್ವ ಜೋಳದ ಗಂಜಿ ಕಾಸಿ ಬಟ್ಟೆಗೆ ದಪ್ಪಗೆ ಬಳಿದಳು. ಒಣಗಿದ ಮೇಲೆ ಅದು ಬಡಿದರೆ ಸಪ್ಪಳವಾಗುತ್ತಿತ್ತು. ಮಾಸ್ತರರು ಅದರ ಮೇಲೆ ಉಗುರು ಎಳೆದು, “ನೋಡ್ರಲೇ, ಹಾಯಿ ಅಂದ್ರ ಹಿಂಗಿರಬೇಕು!” ಎಂದರು. ನಾನು ಮುಖ ತಿರುಗಿಸಿ ನಕ್ಕೆ.

ಸಂಕ್ರಾಂತಿಗೆ ನಮ್ಮವರು ಯಾವಾಗಲೂ ಊರ ಹತ್ತಿರದ ಹೊಳೆಗೇ ಹೋಗುವವರು. ಆ ವರ್ಷ ಮಾತ್ರ, ಮಗನ ಸಾಲಿಯ ಹಡಗಿಗೆ ತನ್ನ ಬಟ್ಟೆ ಏರಿದೆ ಎಂದು, ಅವ್ವ ಅಪ್ಪನನ್ನು ಕಾಡಿ ಚಕ್ಕಡಿ ಕಟ್ಟಿಸಿಕೊಂಡು ಚಿಕ್ಕಪಡಸಲಗಿಗೆ ಬಂದಳು. ಸಜ್ಜೆ ರೊಟ್ಟಿ, ಮಾದಲಿಯ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಅವಳು ಬರುವಳೆಂದು ನನಗೆ ಗೊತ್ತಿರಲಿಲ್ಲ.

ಮಾಸ್ತರರು ಧೋತರ ಎತ್ತಿ ಕಟ್ಟಿ ಮೊಣಕಾಲ ನೀರಿನಲ್ಲಿ ನಿಂತು ಹಡಗಿನ ಇತಿಹಾಸವನ್ನೆಲ್ಲ ಮತ್ತೆ ಹೇಳಿದರು. ಮಂದಿ ರೊಟ್ಟಿ ತಿನ್ನುತ್ತ ಕೇಳಿದರು. ಹಡಗು ನೀರಿಗಿಳಿಯಿತು. ಒಂದು ಗಾಳಿ ಬೀಸಿದ್ದೇ ತಡ, ಹಲಗೆಯಂತಿದ್ದ ಹಾಯಿಗಳು ಅದನ್ನು ಪಕ್ಕಕ್ಕೆ ವಾಲಿಸಿದವು. ನೀರು ಕುಡಿದು ಗಂಜಿ ಕರಗಿತು. ಹಾಯಿಗಳು ಕೊಳಕು ಚಿಂದಿಯಂತೆ ಕಂಬಕ್ಕೆ ಸುತ್ತಿಕೊಂಡವು. ಹೊಳೆಯ ನೀರು ಹಾಲಿನ ಹಾಗಾಗಿ, ಗಂಜಿಯ ರುಚಿಗೆ ಸಣ್ಣ ಮೀನುಗಳ ಹಿಂಡು ಬಂದು ಯುದ್ಧನೌಕೆಗೆ ಮುತ್ತಿಗೆ ಹಾಕಿತು.

“ಮಾಸ್ತರ್ರ, ಹಡಗಕ್ಕ ಊಟಾ ಕಟ್ಟಿ ಕಳಿಸಿರೇನ್ರಿ?” ಎಂದು ಯಾರೋ ಕೂಗಿದರು. ದಂಡೆಯೇ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮಾಸ್ತರರ ಮುಖ ಕಪ್ಪಿಟ್ಟಿತು. ತಿಳಿಯದೆ ತಪ್ಪಿದೆ ಎನ್ನುವ ದೊಡ್ಡ ಮನಸ್ಸು ಆ ಮನುಷ್ಯನಿಗೆಲ್ಲಿಯದು? ತೊಯ್ದ ಹಾಯಿಯನ್ನು ಕಿತ್ತು ಎತ್ತಿಹಿಡಿದು ಒದರಿದರು: “ಇದು ಬನಹಟ್ಟಿ ಮೋಸ! ಗಂಜಿ ಮೆತ್ತಿ ಜಾಳ ಬಟ್ಟಿ ಕೊಟ್ಟಾರ! ಇವನ ಮನ್ಯಾಗಿಂದ ಬಂದದ್ದು!”

ಉಗುರು ನನ್ನನ್ನು ತೋರಿಸುತ್ತಿತ್ತು. ನನ್ನ ಹಿಂದೆ, ಬುತ್ತಿಯ ಗಂಟು ಹಿಡಿದು ಅವ್ವ ನಿಂತಿದ್ದಳು. ಅವಳ ಪಕ್ಕದಲ್ಲಿ ನಮ್ಮ ಸೀರೆ ಕೊಳ್ಳುವ ಸಾಹುಕಾರ. ಅವ್ವ ನನ್ನ ಮುಖ ನೋಡಿದಳು. ನಾನೊಂದು ಮಾತು ಹೇಳಿದರೆ ಸಾಕಿತ್ತು. ನಾನು ಮೀನುಗಳನ್ನು ನೋಡುತ್ತ ನಿಂತೆ.

ಅಂದಿನಿಂದ ಸಾಹುಕಾರ ನಮ್ಮ ಸೀರೆಯನ್ನು ಬೆರಳ ನಡುವೆ ತಿಕ್ಕಿ ತಿಕ್ಕಿ, “ಹಡಗದ ಬಟ್ಟಿ ಅಲ್ಲಲ್ಲಬೇ?” ಎಂದು ಕೇಳಿ ನಗುತ್ತಿದ್ದ. ಅಪ್ಪ ಬೈಯಲಿಲ್ಲ. ಆದರೆ ಅವ್ವ ಕಾಸಿದ ಗಂಜಿಯಲ್ಲಿ ತಾನೇ ಬೆರಳದ್ದಿ ನೋಡಿದ ಮೇಲೆಯೇ ನೂಲಿಗೆ ಹಾಕಲು ಬಿಡುತ್ತಿದ್ದ. ಅವ್ವ ಪಾತ್ರೆ ಹಿಡಿದು, ಆ ಬೆರಳು ಹೊರಬರುವತನಕ ತಲೆ ತಗ್ಗಿಸಿ ಕಾಯುತ್ತಿದ್ದಳು.

ಕೆಲವು ವಾರಗಳಲ್ಲಿ ಸಂಸ್ಥಾನ ಮುಗಿಯಿತು. ಜಮಖಂಡಿ ಹೊಸ ಸರಕಾರಕ್ಕೆ ಸೇರಿತು. ಅದೇ ದಿನಗಳಲ್ಲಿ ಒಂದು ಸಂಜೆ ಮಾಸ್ತರರು ಬನಹಟ್ಟಿಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು. ಬೇಡವೆಂದರೂ ಅವ್ವ ಬೆಲ್ಲ, ನೀರು ಕೊಟ್ಟಳು. ತಿಂದು, ಬೆಲ್ಲ ಕಪ್ಪಗಿದೆ ಎಂದು ಹುಳುಕು ತೆಗೆದರು. ಆಮೇಲೆ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ತಂಗೀ, ಹೊಳಿ ದಂಡಿಮ್ಯಾಲ ನಾ ಆಡಿದ್ದು ತಪ್ಪಾತು. ಹಾಯಿಗೆ ಎಂಥಾ ಬಟ್ಟಿ ಬೇಕಂತ ತಿಳಕೋಬೇಕಾದಾಂವ ನಾನು. ಗೊತ್ತಿರಲಿಲ್ಲ. ಮಂದಿ ನಕ್ರು ಅಂತ ಸಿಟ್ಟು ನಿನ್ನ ಮ್ಯಾಲ ಹಾಕಿದೆ. ಗಂಜಿ ಹಾಕಬ್ಯಾಡ ಅಂತ ನಾನ ಹೇಳಿ ಕಳಸಬೇಕಾಗಿತ್ತು.”

“ದಪ್ಪಗ ಹಾಕಂತ ನೀವ ಹೇಳಿ...” ಎಂದು ಶುರು ಮಾಡಿದ ಅವ್ವ ತಟ್ಟನೆ ನಿಂತಳು. ಬಾಗಿಲ ಬಳಿ ನಿಂತ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಎಲ್ಲ ತಿಳಿದುಹೋದದ್ದು ನನಗೆ ಕಂಡಿತು.

“ಇರಲಿ ಬಿಡ್ರಿ ಮಾಸ್ತರ್ರ. ನಂದ ಕೈ ಹೆಚ್ಚಾತು,” ಎಂದಳು.

ಮಾಸ್ತರರು ಅಲ್ಲಿಗೆ ಏಳಬಾರದೆ? ಇಲ್ಲ. ರುಮಾಲು ಸುತ್ತಿಕೊಂಡು, ಅಂಚೆಚೀಟಿ ತೆಗೆದು, ಅವ್ವನಿಗೂ ಆ ಹಡಗಿನ ಕಥೆಯನ್ನೆಲ್ಲ ಕೊರೆದರು. “ಆ ದೇಶದಾಗ ಸಾಲಿ ಹುಡುಗೂರು ಹಡಗ ಉಳಿಸಿದ್ರು. ನಮ್ಮ ಹುಡುಗೂರು ನಕ್ಕ ಮುಳಗಿಸಿದ್ರು,” ಎಂದು ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಮುಂದೆ ಅವರು ಸೊಲ್ಲಾಪುರದ ಕಡೆ ಮಗಳ ಮನೆಯಲ್ಲಿ ತೀರಿಕೊಂಡರೆಂದು ಕೇಳಿದೆ. ಅಳು ಬರಲಿಲ್ಲ. ಬಡಾಯಿಕೋರ, ಸಿಡುಕ, ಅರೆಬರೆ ತಿಳಿದವರು. ಆದರೆ ಇಷ್ಟೆಲ್ಲ ಹೀನಾಯವಾಗಿ ಬರೆದ ಮೇಲೆ ಒಂದನ್ನು ಒಪ್ಪಲೇಬೇಕು. ತಮ್ಮ ತಪ್ಪು ಹೇಳಲು ಅವರು ಜಮಖಂಡಿಯಿಂದ ಬನಹಟ್ಟಿಗೆ ಬಂದರು. ನಾನು ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ, ಅದೇ ಕೈ ಬಡಿಸಿದ ರೊಟ್ಟಿಯನ್ನು ವರ್ಷಗಟ್ಟಲೆ ತಿಂದೆ, ಬಾಯಿ ಬಿಡಲಿಲ್ಲ. ಅವಳೂ ಕೇಳಲಿಲ್ಲ. ಕೊನೆಗಾಲದಲ್ಲಿ ನಾನೇ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಒಂದು ಗುಟುಕಿಗೊಮ್ಮೆ ಅವಳು ನನ್ನ ಮುಖ ನೋಡುತ್ತಿದ್ದಳು. ಆಗಲೂ ಹೇಳಲಿಲ್ಲ.

ತಪ್ಪಾಯಿತು ಎನ್ನದೆ ನಾನು ಈ ಲೋಕದಿಂದ ಕಳಿಸಿಕೊಟ್ಟದ್ದು ನಮ್ಮ ಅವ್ವನನ್ನು.