ಹುಸೇನಬೀಯ ಮಂಗಳವಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬೆಳಗಾವಿಯ ಆರೋಗ್ಯ ಕೇಂದ್ರವೊಂದರಲ್ಲಿ ಹನ್ನೊಂದು ವರ್ಷದಿಂದ ನರ್ಸ್ ನಾನು. ದಿನಾ ಖಾನಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳಿಗೆ ಸಿಟ್ಟು ಬರದೆ ಇನ್ನೇನು ಬಂದೀತು? ಆ ಸಿಟ್ಟಿಗೆ ಹೆಚ್ಚು ಸಿಕ್ಕಿದವರು ಹುಸೇನಬೀ. ಎಷ್ಟು ಬೈದರೂ ಹೋಗುವಾಗ, ಊಟ ಆಯಿತೇ ಎಂದು ನನ್ನನ್ನೇ ಕೇಳುವ ಹೆಂಗಸು.

ನಮ್ಮಲ್ಲಿ ಶುಗರ್ ಇರುವವರಿಗೆ ಮಂಗಳವಾರ ಮುಂಜಾನೆ ತಪಾಸಣೆ, ಮಾತ್ರೆ. ಅಕ್ಕವ್ವ ಎಂಬ ಅಜ್ಜಿ ಒಂದು ವಾರವೂ ತಪ್ಪಿಸಿದವರಲ್ಲ. ಹುಸೇನಬೀ ಮಾತ್ರ ಬುಧವಾರವೋ ಗುರುವಾರವೋ ಕುಂಟುತ್ತ ಬರುತ್ತಿದ್ದರು. ಬಲಗಾಲ ಹೆಬ್ಬೆರಳಲ್ಲಿ ಹುಣ್ಣು. ಶುಗರ್ ಹಿಡಿತಕ್ಕೆ ಬರದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರ್ ಎಚ್ಚರಿಸಿದ್ದರು. ಆದರೂ ಮತ್ತೆ ಗುರುವಾರ! ಅಕ್ಕವ್ವನನ್ನು ನೋಡಿ ಕಲಿಯಿರಿ ಎಂದು ಎಲ್ಲರೆದುರು ಬೈದು, ಮಂಗಳವಾರ ಬನ್ನಿ ಎಂದು ವಾಪಸ್ ಕಳಿಸಿದೆ. ಅವರೇನೋ ಹೇಳಲು ಬಾಯಿ ತೆರೆದರು. ನಾನು ಮುಂದಿನವರನ್ನು ಕರೆದೆ.

ಮುಂದಿನ ಮಂಗಳವಾರವೂ ಬರಲಿಲ್ಲ. ಡ್ರೆಸ್ಸಿಂಗ್ ಸಾಮಾನು ಚೀಲಕ್ಕೆ ಹಾಕಿಕೊಂಡು ಅಂದೇ ನಾನೇ ಅವರ ಓಣಿಗೆ ಹೊರಟೆ, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತ.

ನಳದ ಮುಂದೆ ಕೊಡಗಳ ಪಾಳಿ. ಹುಸೇನಬೀ ಹುಣ್ಣಿನ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತುಂಬಿದ ಕೊಡ ಎತ್ತುತ್ತಿದ್ದರು.

"ಇವತ್ತ ನೀರ ಬಿಡೂ ದಿನಾರೀ ಸಿಸ್ಟರ್," ಅಂದರು. "ವಾರಕ್ಕ ಒಮ್ಮೆ. ನಮ್ಮನಿಯವ್ರು ಉದ್ಯಮಬಾಗಕ್ಕ ಕೆಲಸಕ್ಕ ಹೋಗ್ಯಾರ. ನಾ ಬಿಟ್ರ ಯಾರ ತುಂಬತಾರ?"

ಅಕ್ಕವ್ವನ ಓಣಿಯಲ್ಲಿ ಇಡೀ ದಿನ ನಳ ಬರುತ್ತದೆ. ಅದು ನನಗೆ ಗೊತ್ತಿದ್ದದ್ದೇ. ಆದರೂ ಈ ಓಣಿಯ ನೀರಿನ ದಿನ ಯಾವುದೆಂದು ಕೇಳಬೇಕೆಂದು ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹುಸೇನಬೀಯನ್ನು ಕಟ್ಟೆಯ ಮೇಲೆ ಕೂಡಿಸಿ, ಹುಣ್ಣು ತೊಳೆದು ಪಟ್ಟಿ ಕಟ್ಟಿದೆ. ಉಳಿದ ಕೊಡಗಳನ್ನು ನಾನೇ ತುಂಬಿ ಒಳಗಿಟ್ಟೆ.

ನೀರು ಬಿಡುವ ಗಜಾನನನನ್ನು ಹುಡುಕಿ ಯಾವ ಓಣಿಗೆ ಯಾವ ದಿನ ಎಂದು ಬರೆದುಕೊಂಡೆ. ಡಾಕ್ಟರ್ ಒಪ್ಪಿದರು, ಆ ಓಣಿಯವರ ತಪಾಸಣೆ ಗುರುವಾರಕ್ಕೆ ಹೋಯಿತು. ಮೊದಲ ಗುರುವಾರವೇ ಅಲ್ಲಿಂದ ಹದಿನಾಲ್ಕು ಹೆಂಗಸರು ಬಂದರು. ಎರಡು ತಿಂಗಳಾದ ಮೇಲೆ ಡಾಕ್ಟರ್ ಹುಸೇನಬೀಯ ಕಾಲು ನೋಡಿ, ಇನ್ನು ಬೆರಳಿಗೆ ಭಯವಿಲ್ಲ ಎಂದರು. ನನಗೆ ಅಳುವೇ ಬಂತು.

ಹುಸೇನಬೀ ನನ್ನ ಕೈ ಹಿಡಿದರು. "ಬೈಯ್ದವರು ಭಾಳ ಮಂದಿ, ಬೇಟಿ. ಯಾಕ ಬರಲಿಲ್ಲಂತ ಮನೀತನಕ ಬಂದು ಕೇಳಿದಾಕಿ ನೀ ಒಬ್ಬಾಕಿನ."

ನಾನು ಕೇಳಲು ಹೋಗಿದ್ದಲ್ಲ, ಬೈಯಲು ಹೋಗಿದ್ದೆ. ಅದನ್ನು ಅವರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.